ಸುಟ್ಟ ಮೋಟಾರನ್ನು ರೈತರ ಎದುರಿಗೇ ಬಿಚ್ಚುತ್ತೇನೆ

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿಯಿದೆ; ಸುಟ್ಟ ಪಂಪ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ನನ್ನ ಕೆಲಸ. ಕೊಳವೆ ಬಾವಿಯನ್ನೇ ನಂಬಿದ ಅಡಿಕೆ, ತೆಂಗು, ದಾಳಿಂಬೆ ತೋಟಗಳ ರೈತರೇ ನನ್ನ ಗಿರಾಕಿಗಳು.

ಹಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಹೊಸದುರ್ಗದ ಕಡೆಯ ಅಡಿಕೆ ಬೆಳೆಗಾರರೊಬ್ಬರು, ನಾನು ವೈಂಡಿಂಗ್ ಮಾಡಿಕೊಟ್ಟಿದ್ದ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರನ್ನು ಇಪ್ಪತ್ತೇ ದಿನಕ್ಕೆ ವಾಪಸು ತಂದು ಇಳಿಸಿ, “ಏನಣ್ಣ, ತಂತಿ ಹೊಸದೇ ಹಾಕಿದ್ರಾ ನೀವು?” ಎಂದು ಕೇಳಿದರು. ಹೊಸದೇ ಹಾಕಿದ್ದೆ. ಆದರೆ ಅದನ್ನು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಅವರ ಎದುರಿಗೇ ಬಿಚ್ಚಿದಾಗ ಎರಡು ಫೇಸಿನ ಕಾಯಿಲ್‌ಗಳು ಸುಟ್ಟು, ಮೂರನೆಯದು ಹಾಕಿದಂತೆಯೇ ಉಳಿದಿತ್ತು. ಸ್ಟಾರ್ ಜೋಡಣೆಯ (ಮೂರೂ ಕಾಯಿಲ್‌ಗಳ ಒಂದೊಂದು ತುದಿಯನ್ನು ಒಂದೆಡೆ ಸೇರಿಸಿದ) ಮೋಟಾರು ಒಂದು ಫೇಸ್ ಹೋದ ಮೇಲೂ ಓಡುತ್ತಿದ್ದರೆ ಉಳಿದೆರಡು ಫೇಸುಗಳು ಹೆಚ್ಚು ಕರೆಂಟ್ ಎಳೆದು ಹೀಗೆ ಸುಡುತ್ತವೆ. ವಿಚಾರಿಸಿದರೆ, ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರೋ ಕರೆಂಟ್ ಹೆಚ್ಚಾದರೆ ಮೋಟಾರನ್ನು ನಿಲ್ಲಿಸುವ ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಡೈರೆಕ್ಟ್ ಮಾಡಿ, ಅದು ಕೆಲಸವೇ ಮಾಡದಂತೆ ತಪ್ಪಿಸಿಬಿಟ್ಟಿದ್ದರು. ಮೊದಲ ಸಲವೂ ಕಾಯಿಲ್ ಹೀಗೆಯೇ ಸುಟ್ಟಿದ್ದನ್ನು ನಾನು ಕಂಡಿದ್ದೆ, ಕಿತ್ತು ಹಾಕಿದ್ದೆ, ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಅದು ನನ್ನ ತಪ್ಪೇ ಎಂದು ಒಪ್ಪಿಕೊಂಡು, ಎರಡನೆಯ ಸಲ ತಂತಿಯ ಹಣ ಮಾತ್ರ ಪಡೆದೆ. ಆದರೂ ಪೈಪುಗಳನ್ನೆಲ್ಲ ಮೇಲೆತ್ತಿ ಮತ್ತೆ ಇಳಿಸಿದ ಕೂಲಿ ಅವರ ಮೇಲೆಯೇ ಬಿತ್ತು. ಒಣಗುತ್ತಿದ್ದ ತೋಟದ ನಷ್ಟವನ್ನಂತೂ ನಾನು ತುಂಬಿಕೊಡುವಂತಿರಲಿಲ್ಲ.

ಅಂದಿನಿಂದ ರೈತರು ಇಲ್ಲದೆ ಮೋಟಾರು ಬಿಚ್ಚುವುದಿಲ್ಲ. ಬರಲಾಗದವರಿಗೆ ಬಿಚ್ಚುವಾಗಿನ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಕಳುಹಿಸುತ್ತೇನೆ. ಮೂರೂ ಫೇಸ್ ಒಂದೇ ಸಮನೆ ಸುಟ್ಟಿದ್ದರೆ ವೋಲ್ಟೇಜ್ ಕಡಿಮೆಯಿತ್ತೇ, ಪಂಪು ಜಾಮ್ ಆಗಿತ್ತೇ, ನೀರಿಲ್ಲದೆ ಓಡಿತೇ ಎಂದು ಕೂತು ಕೇಳುತ್ತೇನೆ. ಕಿತ್ತ ಹಳೆಯ ತಾಮ್ರವನ್ನು ಅವರ ಕಣ್ಣೆದುರೇ ತೂಗಿ, ಬೇಕಾದರೆ ಅವರಿಗೇ ಕೊಡುತ್ತೇನೆ, ಇಲ್ಲವೇ ಅಂದಿನ ದರದಂತೆ ಬಿಲ್ಲಿನಲ್ಲಿ ಕಳೆಯುತ್ತೇನೆ. ನಮ್ಮ ಕಸುಬಿನಲ್ಲಿ ಅನುಮಾನ ಹುಟ್ಟುವುದೇ ಈ ತಾಮ್ರದಿಂದ. ಅದನ್ನು ಮುಚ್ಚಿಟ್ಟವರು ಎಷ್ಟು ಒಳ್ಳೆಯ ಕೆಲಸ ಮಾಡಿದರೂ ಹೆಸರು ಉಳಿಯುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ದಿನ ಹೇಳುವುದರಲ್ಲಿಯೂ ಎಚ್ಚರ ವಹಿಸುತ್ತೇನೆ. ವೈಂಡಿಂಗ್ ಮುಗಿದ ಮೋಟಾರನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಮೆಗ್ಗರ್ (ತಂತಿಯ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಿಡಿದು ನೋಡದೆ ಕೊಡುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಎಷ್ಟೇ ಒತ್ತಾಯಿಸಿದರೂ “ನಾಳೆ ಬಾ” ಎನ್ನದೆ, ಆಗುವ ದಿನವನ್ನೇ ಹೇಳುತ್ತೇನೆ. ಅಷ್ಟು ದಿನ ತಡೆಯಲಾಗದವರಿಗೆಂದು ಎರಡು ಹಳೆಯ 5 ಎಚ್‌ಪಿ ಮೋಟಾರುಗಳನ್ನು ಸರಿಮಾಡಿ ಇಟ್ಟಿದ್ದೇನೆ. ಅವುಗಳಿಗೆ ಬಾಡಿಗೆ ಪಡೆಯುವುದಿಲ್ಲ.

ಸುಟ್ಟ ಕಾರಣ, ರಿಲೇಯನ್ನು ಎಷ್ಟು ಆಂಪಿಯರಿಗೆ ಇಡಬೇಕು ಎಂಬುದನ್ನು ಕನ್ನಡದಲ್ಲಿ ಚೀಟಿ ಬರೆದು ಕೊಡುತ್ತೇನೆ, ಅದನ್ನು ಸ್ಟಾರ್ಟರ್ ಡಬ್ಬಿಯ ಒಳಗೇ ಅಂಟಿಸಿಕೊಳ್ಳಲು ಹೇಳುತ್ತೇನೆ. ಈಗೀಗ ಹಲವರು ಮೋಟಾರಿನ ಜೊತೆಗೆ ಸ್ಟಾರ್ಟರನ್ನೂ ಬಿಚ್ಚಿಕೊಂಡು ಬಂದು, “ಇದನ್ನೂ ಒಮ್ಮೆ ನೋಡಿಬಿಡಣ್ಣ” ಎನ್ನುತ್ತಾರೆ.