ಹಿಂದೆ ನಿಂತು ಹಾಡಿದ ಹದಿನಾಲ್ಕು ವರ್ಷ

2011ರಲ್ಲಿ ಮ್ಯಾಂಚೆಸ್ಟರಿನ ಒಂದು ಚರ್ಚಿನ ಹಿಂಬದಿಯ ಕೋಣೆಯಲ್ಲಿ ನಾನು ಮೊದಲ ಸಲ ಒಂದು ಸೋಲ್ (soul, ಅಮೆರಿಕದ ಕಪ್ಪು ಜನರ ಸಂಗೀತ) ಬ್ಯಾಂಡಿನ ಹಿಮ್ಮೇಳಕ್ಕೆ ಹಾಡಿ ತೋರಿಸಿದೆ. ಧಾರವಾಡದಲ್ಲಿ ಎಂಟು ವರ್ಷ ಹಿಂದುಸ್ತಾನಿ ಕಲಿತಿದ್ದೆ. ಶ್ರುತಿ ಗಟ್ಟಿ ಇದೆ ಅನ್ನೋ ಧೈರ್ಯ ಇತ್ತು. ಹಾಡು ಮೂರು ನಿಮಿಷದ್ದು. ನನ್ನ ಪಾಲಿಗೆ ಬಂದಿದ್ದು ಮೂರೇ ಸ್ವರ. ಆ ಮೂರು ಸ್ವರದಲ್ಲೇ ಎಡವಿದೆ.

ಯಾವ ಸ್ವರ ಅಂತ ನಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಸೋಲ್ ಹಿಮ್ಮೇಳದಲ್ಲಿ ಸಾಮಾನ್ಯವಾಗಿ ಮೂವರು ಇರುತ್ತಾರೆ. ಒಬ್ಬರದು ಕೆಳಗಿನ ದನಿ, ಒಬ್ಬರದು ನಡುವಿನದು, ಒಬ್ಬರದು ಮೇಲಿನದು. ಮೊದಲ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬಂದಾಗ ಕೆಳಗಿನವರು ಸ, ನಡುವಿನವರು ಗ, ಮೇಲಿನವರು ಪ ಹಿಡಿಯುತ್ತಾರೆ. ಕಾರ್ಡ್ ಬದಲಾದರೆ ಸ-ಮ-ಧ. ಇನ್ನೊಂದಕ್ಕೆ ಹೋದರೆ ಕೆಳಗಿನ ನಿ, ರಿ, ಪ. ಎಲ್ಲವೂ ಬಿಲಾವಲ್‌ನ, ಅಂದರೆ ಶುದ್ಧ ಸ್ವರಗಳೇ. ನನಗೆ ನಡುವಿನ ದನಿ ಕೊಟ್ಟಿದ್ದರು. ಅಂದರೆ ನನ್ನ ಇಡೀ ಹಾಡು ಗ, ಮ, ರಿ. ಮತ್ತೆ ಗ, ಮ, ರಿ.

ಗದಿಂದ ಮಕ್ಕೆ ಹೋಗುವಾಗ ನನ್ನ ಗಂಟಲು ತಾನಾಗಿಯೇ ಮೀಂಡ್ ಎಳೆಯಿತು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿತು. ಉಳಿದ ಇಬ್ಬರು ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ ನೇರವಾಗಿ ಸ್ವರಕ್ಕೆ ಬಂದರು. ನಾನು ಜಾರಿಕೊಂಡು ಬಂದೆ. ಎಡಗಡೆ ನಿಂತಿದ್ದವರು ಮ್ಯಾಂಚೆಸ್ಟರಿನದೇ ಮಾಸ್ ಸೈಡ್ ಬಡಾವಣೆಯಲ್ಲಿ ಬೆಳೆದವರು, ಜಮೈಕಾದಿಂದ ಬಂದ ಮನೆತನ, ಚಿಕ್ಕಂದಿನಿಂದ ಚರ್ಚಿನಲ್ಲಿ ಹಾಡಿದವರು. ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು: 'ನಿನ್ನ ದನಿ ಚೆನ್ನಾಗಿದೆ. ಆದರೆ ನನಗೆ ನಿನ್ನ ದನಿ ಕೇಳಿಸ್ತಾ ಇದೆ. ಅದು ಕೇಳಿಸಬಾರದು.'

ಆ ಮಾತು ಅರ್ಥ ಆಗಲು ನನಗೆ ಒಂದು ವರ್ಷ ಬೇಕಾಯಿತು. ಸೋಲ್‌ನಲ್ಲಿ ಜಾರುವುದೇ ಇಲ್ಲ ಅಂತಲ್ಲ, ಇದೆ. ಆದರೆ ಜಾರುವುದಾದರೆ ಮೂವರೂ ಒಟ್ಟಿಗೆ, ಒಂದೇ ಜಾಗದಿಂದ, ಒಂದೇ ವೇಗದಲ್ಲಿ ಜಾರಬೇಕು. ಒಬ್ಬರೇ ಜಾರಿದರೆ ಅದು ಹಿಮ್ಮೇಳ ಅಲ್ಲ, ಎರಡನೇ ಮುಖ್ಯ ಗಾಯಕಿ ಆಗಿಬಿಡುತ್ತದೆ.

ಇನ್ನೊಂದು ತೊಡಕು ಗಾಂಧಾರದ್ದೇ, ಅಂದರೆ ಆ ಗದ್ದೇ. ತಂಬೂರಿಯ ಮುಂದೆ ಕೂತು ಕಲಿತವರ ಶುದ್ಧ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ತುಸು ಕೆಳಗೆ ಇರುತ್ತದೆ. ಕೀಬೋರ್ಡಿನಲ್ಲಿ ಕಪ್ಪು ಬಿಳಿ ಎರಡನ್ನೂ ಎಣಿಸಿ, ಅಕ್ಕಪಕ್ಕದ ಎರಡು ಮನೆಗಳ (ಕೀಗಳ) ನಡುವಿನ ಶ್ರುತಿಯ ಅಂತರವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲು ಕೆಳಗೆ. ಕೇಳಲು ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಆದರೆ ಪಿಯಾನೋ ಮತ್ತು ಗಿಟಾರ್ ಜೊತೆ ಉದ್ದಕ್ಕೆ ಹಿಡಿದರೆ ಶ್ರುತಿ ಇಳಿದಂತೆ ಕೇಳಿಸುತ್ತದೆ. ವಾದ್ಯ ನಿಂತು ಬರೀ ಮೂರು ದನಿ ಉಳಿದಾಗ ಅದೇ ಕೆಳಗಿನ ಗಾಂಧಾರ ಜೇನಿನ ಹಾಗೆ ಕೂರುತ್ತದೆ. ಹೀಗಾಗಿ ಒಂದೇ ಹಾಡಿನಲ್ಲಿ ಎರಡು ಗಾಂಧಾರ ಇಟ್ಟುಕೊಳ್ಳುವುದನ್ನು ಕಲಿತೆ. ಯಾವುದು ಯಾವಾಗ ಅಂತ ಕಿವಿ ಹೇಳಬೇಕು. ಮೊದಲೇ ನಿರ್ಧಾರ ಮಾಡಿಕೊಂಡು ಹೋದರೆ ತಪ್ಪುತ್ತದೆ.

ಸ್ವರ ಕೂತ ಮೇಲೆ ಬಾಯಿಯ ಸರದಿ. ಇದು ನಾನು ಎಣಿಸಿದ್ದಕ್ಕಿಂತ ದೊಡ್ಡ ಕೆಲಸ. 'ಲವ್' ಅನ್ನೋ ಒಂದೇ ಪದ ತೆಗೆದುಕೊಳ್ಳಿ. ಸೋಲ್ ಹಾಡುಗಳಲ್ಲಿ ಈ ಪದ ಬಾರದ ದಿನವೇ ಇಲ್ಲ. ನಮ್ಮಲ್ಲಿ ಮೇಲಿನ ದನಿಯವರು ಮ್ಯಾಂಚೆಸ್ಟರಿಗೆ ಅಂಟಿಕೊಂಡ ಸಾಲ್ಫರ್ಡಿನವರು. ಅವರ ಬಾಯಲ್ಲಿ ಅದು 'ಲುವ್'. ನನ್ನ ಬಾಯಲ್ಲಿ ಗಟ್ಟಿಯಾದ 'ಲವ್'. ಮಾಸ್ ಸೈಡಿನವರದು ಇನ್ನೊಂದು ಥರ. ಸ್ವರ ಮೂರೂ ಸರಿ ಇದ್ದರೂ ಒಟ್ಟಿಗೆ ಕೇಳಿದಾಗ ಹರಿದ ಬಟ್ಟೆಯ ಹಾಗೆ ಇತ್ತು. ಕೊನೆಗೆ ಮೂವರೂ ಕನ್ನಡಿ ಮುಂದೆ ನಿಂತೆವು. ದವಡೆ ಎಷ್ಟು ಇಳಿಯಬೇಕು, ತುಟಿ ಎಷ್ಟು ಮುಂದೆ ಬರಬೇಕು ಅಂತ ನೋಡಿಕೊಂಡು, 'ಲಾ'ಗೂ 'ಲ'ಗೂ ನಡುವೆ ಒಂದು ಜಾಗ ಹುಡುಕಿದೆವು. ಒಂದು ಪದಕ್ಕೆ ನಲವತ್ತು ನಿಮಿಷ ಹಿಡಿಯಿತು. ಆದರೆ ಸಿಕ್ಕ ಆ ಕ್ಷಣ ಮೂರು ದನಿ ಹೋಗಿ ಒಂದೇ ದನಿ ಆಯಿತು, ರೋಮ ನಿಂತಿತು. ಈಗಲೂ ಹೊಸಬರು ಬಂದರೆ ನಾನು ಮೊದಲು ನೋಡುವುದು ಅವರ ಬಾಯಿಯ ಆಕಾರ. ಸ್ವರ ಆಮೇಲೆ.

ಪದದ ಕೊನೆಯ 'ಸ್', 'ಟ್' ಹೇಳುವವರು ಒಬ್ಬರೇ. ಮೂವರೂ 'ಸ್' ಅಂದರೆ ಮೈಕಿನಲ್ಲಿ ಹಾವು ಬುಸುಗುಟ್ಟಿದ ಹಾಗೆ ಆಗುತ್ತದೆ. ನಮ್ಮಲ್ಲಿ ಅದು ಕೆಳಗಿನ ದನಿಯವರ ಕೆಲಸ, ಉಳಿದ ಇಬ್ಬರು ಅದರ ಹಿಂದಿನ ಸ್ವರಾಕ್ಷರದ ಮೇಲೇ ಬಿಡುತ್ತೇವೆ. ಉದ್ದದ 'ಊ' ಬಂದರೆ ಮೂವರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವ ಹಾಗಿಲ್ಲ. ಒಬ್ಬರು ಸದ್ದಿಲ್ಲದೆ ಉಸಿರೆಳೆಯುವಾಗ ಉಳಿದ ಇಬ್ಬರು ತುಂಬಿಕೊಡುತ್ತಾರೆ. ಯಾರು ಯಾವ ಪದದ ಹತ್ತಿರ ಅಂತ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿರುತ್ತೇವೆ.

ಲಯದಲ್ಲಿ ನನ್ನ ಮೈಯನ್ನೇ ತಿರುಗಿಸಬೇಕಾಯಿತು. ನಮಗೆ ಸಮ್, ಅಂದರೆ ತಾಳದ ಮೊದಲ ಪೆಟ್ಟು, ದೇವರು. ಕೈ ತಾನಾಗಿ ಒಂದರ ಮೇಲೆ ಬೀಳುತ್ತದೆ. ಸೋಲ್‌ನಲ್ಲಿ ಚಪ್ಪಾಳೆ ಎರಡು ಮತ್ತು ನಾಲ್ಕರ ಮೇಲೆ. ಹಾಡುವಾಗ ಕಾಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿರುತ್ತದೆ, ಕೈ ಎರಡರ ಮೇಲೆ ಬೀಳಬೇಕು, ಬಾಯಲ್ಲಿ ಗ-ಮ-ರಿ. ಮೊದಲ ಆರು ತಿಂಗಳು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗಲೂ ಇದೇ ಅಭ್ಯಾಸ.

ಇಲ್ಲಿ ನಮ್ಮ ಅಜ್ಜನ ಮಾತು ಬರಬೇಕು. ಅಜ್ಜ ಗೋಕಾಕದ ಹತ್ತಿರದ ಹಳ್ಳಿಯವರು. ಗೀಗೀ ಮೇಳದಲ್ಲಿ ಹಿಮ್ಮೇಳದವರು. ಮುಂದಿನವರು ಡಪ್ಪು ಬಾರಿಸುತ್ತಾ ಪದ ಹೇಳುತ್ತಿದ್ದರು, ಅಜ್ಜ ತುಂತುಣಿ ಹಿಡಿದು 'ಗೀ ಗೀ' ಅಂತ ಸೊಲ್ಲು ಎತ್ತುತ್ತಿದ್ದರು. ರಾತ್ರಿಯಿಡೀ. ಸಣ್ಣವಳಿದ್ದಾಗ ಕೇಳಿದ್ದೆ, ಅಜ್ಜಾ ನೀ ಯಾಕ ಮುಂದ ನಿಂತು ಹಾಡೂದಿಲ್ಲ ಅಂತ. ಅಜ್ಜ ಅಂದರು: 'ಪದಾ ಅವ ಹಾಡ್ತಾನವಾ. ನಾ ಅವನ ಉಸಿರು ಕಾಯ್ತೀನಿ.'

ಆಗ ಅದು ಸುಮ್ನೆ ಹೇಳಿದ ಮಾತು ಅನಿಸಿತ್ತು. ಮ್ಯಾಂಚೆಸ್ಟರಿನಲ್ಲಿ, ನಡುವಿನ ದನಿ ಹಾಡುತ್ತಾ, ಅದು ಕೆಲಸದ ವಿವರಣೆ ಅಂತ ಗೊತ್ತಾಯಿತು. ಮುಂದಿನವರ ಬೆನ್ನು ನೋಡುತ್ತಾ ಹಾಡುವವರು ನಾವು. ಅವರ ಮುಖ ಕಾಣುವುದಿಲ್ಲ. ಭುಜ ಏರಿದ್ದು ಕಾಣುತ್ತದೆ. ಉಸಿರೆಳೆದದ್ದು ಮಾನಿಟರಿನಲ್ಲಿ, ಹಾಡುವವರಿಗೇ ಸದ್ದು ಕೇಳಿಸುವ ಸ್ಪೀಕರಿನಲ್ಲಿ, ಕೇಳಿಸುತ್ತದೆ. ಅಷ್ಟರ ಮೇಲೆ ನಮ್ಮ ಪ್ರವೇಶ.

ಕರೆ ಮತ್ತು ಉತ್ತರ ಅಮೆರಿಕದ ಕಪ್ಪು ಜನರ ಚರ್ಚುಗಳಿಂದ ಸೋಲ್‌ಗೆ ಬಂದಿತು. ಪಾದ್ರಿ ಒಂದು ಮಾತು ಅಂದರೆ ಜನ ಉತ್ತರ ಕೊಡುತ್ತಾರೆ. ಆ ಉತ್ತರವೇ ಹಿಮ್ಮೇಳ. ಅದು ಎಷ್ಟು ದೊಡ್ಡದು ಅನ್ನುವುದಕ್ಕೆ ನಾನು ಹೊಸಬರಿಗೆ ಮೊದಲು ಕೇಳಿಸುವುದು 'ರೆಸ್ಪೆಕ್ಟ್'. ಓಟಿಸ್ ರೆಡ್ಡಿಂಗ್ 1965ರಲ್ಲಿ ಬರೆದು ಹಾಡಿದ್ದು. 1967ರಲ್ಲಿ ಅರೀಥಾ ಫ್ರ್ಯಾಂಕ್ಲಿನ್ ಅದೇ ಹಾಡನ್ನು ಹಾಡಿದಾಗ ಹಿಂದೆ ಅವರ ತಂಗಿ ಕ್ಯಾರೊಲಿನ್ ಮತ್ತು ಅಕ್ಕ ಅರ್ಮಾ ಇದ್ದರು. ಅಕ್ಕ ತಂಗಿ ಹಿಂದಿನಿಂದ ಪಟಪಟ ಅಂತ ಹೇಳುವ ಆ ಸೊಲ್ಲು ಮೊದಲಿನ ಹಾಡಿನಲ್ಲಿ ಇರಲೇ ಇಲ್ಲ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಒಬ್ಬ ಗಂಡಸಿನ ಬೇಡಿಕೆ ಹೋಗಿ ಒಂದು ಮನೆಯ ಹೆಂಗಸರೆಲ್ಲ ಸೇರಿ ಕೇಳುವ ಹಕ್ಕು ಆಗಿದೆ. ಅದನ್ನು ಮಾಡಿದ್ದು ಹಿಮ್ಮೇಳ.

ಗಾಯಕಿ ಗ್ಲ್ಯಾಡಿಸ್ ನೈಟ್ ಅವರ ಹಿಂದೆ ಹಾಡಿದ ಪಿಪ್ಸ್ ಅನ್ನೋ ಗುಂಪು ಇನ್ನೊಂದು ಪಾಠಶಾಲೆ. ಅವರ ಒಬ್ಬ ಅಣ್ಣ, ಇಬ್ಬರು ಸೋದರ ಸಂಬಂಧಿಗಳು. 1973ರ ಅವರ ರೈಲಿನ ಹಾಡು 'ಮಿಡ್‌ನೈಟ್ ಟ್ರೇನ್ ಟು ಜಾರ್ಜಿಯಾ'ದಲ್ಲಿ ಪಿಪ್ಸ್ ಕತೆ ಕೇಳುವ ಊರವರಾಗುತ್ತಾರೆ, ಹೌದು ಹೌದು ಅನ್ನುತ್ತಾರೆ, ನಡುವೆ ರೈಲಿನ ಸಿಳ್ಳೆಯೂ ಆಗುತ್ತಾರೆ. ನಾನು ಆ ಹಾಡನ್ನು ಮುಖ್ಯ ಗಾಯನ ಬಿಟ್ಟು ಬರೀ ಪಿಪ್ಸ್ ಕೇಳಿಸಿಕೊಂಡು ಬರೆದಿಟ್ಟುಕೊಂಡಿದ್ದೇನೆ. ಹಿಮ್ಮೇಳ ಕಲಿಯಬೇಕು ಅನ್ನುವವರು ಹೀಗೇ ಮಾಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮನಸ್ಸು ನೋಯುವುದು ಹೆಸರಿನ ವಿಷಯದಲ್ಲಿ. ಅಮೆರಿಕದ ಡೆಟ್ರಾಯಿಟಿನಲ್ಲಿ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಜ್ಯಾಕಿ ಹಿಕ್ಸ್, ಮಾರ್ಲೀನ್ ಬ್ಯಾರೋ, ಲುವೇನ್ ಡೆಂಪ್ಸ್ ಅನ್ನೋ ಮೂವರು ಇದ್ದರು. ಗುಂಪಿನ ಹೆಸರು ದಿ ಆ್ಯಂಡಾಂಟೀಸ್. 1960ರ ದಶಕದ ಮೋಟೌನ್ ಹಾಡುಗಳನ್ನು ನೀವು ಕೇಳಿದ್ದರೆ ಇವರ ದನಿ ಕೇಳಿಯೇ ಇರುತ್ತೀರಿ. ಹೆಸರು ಕೇಳಿರುವುದಿಲ್ಲ, ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚಾಗಿರಲಿಲ್ಲ. 1968ರಲ್ಲಿ ಸುಪ್ರೀಮ್ಸ್ ಹೆಸರಿನಲ್ಲಿ ಬಂದ 'ಲವ್ ಚೈಲ್ಡ್'ನಲ್ಲೂ ಡಯಾನಾ ರಾಸ್ ಹಿಂದೆ ಹಾಡಿದ್ದು ಇವರೇ, ಗುಂಪಿನ ಇನ್ನಿಬ್ಬರಲ್ಲ. ಡಾರ್ಲೀನ್ ಲವ್ 1962ರಲ್ಲಿ ಮುಖ್ಯ ಗಾಯಕಿಯಾಗಿಯೇ ಹಾಡಿದ ಹಾಡು ಕ್ರಿಸ್ಟಲ್ಸ್ ಅನ್ನೋ ಬೇರೆ ಗುಂಪಿನ ಹೆಸರಲ್ಲಿ ಹೊರಬಂದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಈ ಹೆಸರುಗಳನ್ನು ನಾನು ಪ್ರತಿ ತಾಲೀಮಿನಲ್ಲೂ ಹೇಳುತ್ತೇನೆ. ಅವರ ಸ್ವರ ಎತ್ತಿಕೊಂಡು ನಾವು ಅನ್ನ ತಿನ್ನುತ್ತಿದ್ದೇವೆ.

ನನ್ನದೇ ಒಂದು ಸಣ್ಣ ಪೆಟ್ಟು ಇದೆ. ಬ್ಯಾಂಡ್ ಸೇರಿದ ಮೂರನೇ ವರ್ಷ ಒಂದು ಧ್ವನಿಮುದ್ರಣಕ್ಕೆ ಕರೆದರು. ಒಂದು ಸಂಜೆ, ಮೂರು ಹಾಡು. ಕೈಯಲ್ಲಿ ನಗದು ಕೊಟ್ಟರು, ಕಾಗದ ಏನೂ ಇಲ್ಲ. ಒಂದು ವರ್ಷದ ಮೇಲೆ ಅಂಗಡಿಯಲ್ಲಿ ಸಾಮಾನು ತೆಗೆದುಕೊಳ್ಳುತ್ತಿದ್ದಾಗ ರೇಡಿಯೋದಲ್ಲಿ ನನ್ನ ದನಿ ಬಂತು. ಖುಷಿಯಿಂದ ಆಲ್ಬಮ್ ತರಿಸಿ ನೋಡಿದರೆ ಹಿಮ್ಮೇಳದ ಯಾರ ಹೆಸರೂ ಇಲ್ಲ. ತುಂಬಾ ಅತ್ತೆ. ಆಮೇಲೆ ಕಲಿತೆ. ಸಂಗೀತಗಾರರ ಯೂನಿಯನ್ ಸೇರಿದೆ. ರೇಡಿಯೋ, ಅಂಗಡಿ, ಹೋಟೆಲುಗಳಲ್ಲಿ ಹಾಡು ಬಂದಾಗ ಹಾಡಿದವರಿಗೆ ಪಾಲು ಹಂಚುವ ಪಿಪಿಎಲ್‌ನಲ್ಲಿ ಹೆಸರು ನೋಂದಾಯಿಸಿದೆ. ಅಲ್ಲಿ ಹಿಮ್ಮೇಳದವರಿಗೂ ಪಾಲು ಇದೆ, ಆದರೆ ಆ ಹಾಡಿನಲ್ಲಿ ನೀವು ಇದ್ದೀರಿ ಅಂತ ದಾಖಲೆ ಇರಬೇಕು. ಈಗ ಸ್ಟುಡಿಯೋ ಬಿಡುವ ಮೊದಲೇ ಯಾರು ಯಾವ ಹಾಡಿಗೆ ಹಾಡಿದರು ಅನ್ನೋ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತೇನೆ, ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತೇನೆ. ಯು.ಕೆ.ಯಲ್ಲಿ 2013ರ ನವೆಂಬರಿನಿಂದ ಧ್ವನಿಮುದ್ರಣದ ಹಕ್ಕು 50 ವರ್ಷದಿಂದ 70ಕ್ಕೆ ಏರಿತು. ಆ ಹೆಚ್ಚಿನ ವರ್ಷಗಳಲ್ಲಿ ಕಂಪನಿಗೆ ಬರುವ ಆದಾಯದಲ್ಲಿ 20% ಭಾಗವನ್ನು ಒಂದೇ ಸಲದ ಸಂಭಾವನೆಗೆ ಹಾಡಿ, ನುಡಿಸಿ ಹೋದವರಿಗೆ ಎತ್ತಿಡಬೇಕು ಅಂತಲೂ ಆಯಿತು. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಗೊತ್ತಿರಲಿ.

ಹಣ ಬಹುಪಾಲು ಬರುವುದು ಮದುವೆಗಳಿಂದ, ಕಂಪನಿ ಪಾರ್ಟಿಗಳಿಂದ. ವಾರದಲ್ಲಿ ನಾಲ್ಕು ದಿನ ನಾನು ಒಂದು ಕಚೇರಿಯಲ್ಲಿ ಲೆಕ್ಕ ನೋಡುತ್ತೇನೆ, ಅದಿಲ್ಲದೆ ಮನೆ ನಡೆಯುವುದಿಲ್ಲ. ಶನಿವಾರ ಮಧ್ಯಾಹ್ನ ವ್ಯಾನ್ ಹೊರಡುತ್ತದೆ. ಸಾಮಾನು ಇಳಿಸಿ ಸೌಂಡ್ ಚೆಕ್, ಆಮೇಲೆ ಕಾಯುವುದು, ರಾತ್ರಿ 45 ನಿಮಿಷದ ಎರಡು ಸುತ್ತು, ಮನೆಗೆ ಬರುವಾಗ ಎರಡು ಗಂಟೆ. ಗಂಟಲು ಹಾಳಾಗುವುದು ಹಾಡಿನಿಂದ ಕಡಿಮೆ, ನಡುವಿನ ಬಿಡುವಿನಲ್ಲಿ ಗದ್ದಲದ ಮೇಲೆ ಕೂಗಿ ಮಾತಾಡುವುದರಿಂದ ಜಾಸ್ತಿ. ನಾನು ಬಿಡುವಿನಲ್ಲಿ ಮಾತು ಬಿಟ್ಟಿದ್ದೇನೆ. ಒಂದು ಬಾಟಲಿ ನೀರಿಗೆ ಸ್ಟ್ರಾ ಹಾಕಿ ಗುಳುಗುಳು ಅಂತ ಸ್ವರ ಊದುತ್ತಾ ಮೂಲೆಯಲ್ಲಿ ಕೂರುತ್ತೇನೆ. ಕಿವಿಯಲ್ಲಿ ಹಾಕುವ ಮಾನಿಟರ್ ಇದ್ದರೆ ಎರಡೂ ಕಿವಿಗೆ ಹಾಕುತ್ತೇನೆ. ಒಂದನ್ನು ತೆಗೆದಿಟ್ಟರೆ ಇನ್ನೊಂದರ ಸದ್ದು ಏರಿಸಬೇಕಾಗುತ್ತದೆ, ಆ ಕಿವಿ ನಮ್ಮ ಬಂಡವಾಳ.

ಮುಂದೆ ನಿಂತು ಹಾಡುವ ಆಸೆ ಇಲ್ವಾ ಅಂತ ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಲೂಥರ್ ವ್ಯಾಂಡ್ರಾಸ್ ಅಂಥವರು ಹಿಂದಿನಿಂದ ಮುಂದೆ ಬಂದರು, ಡೇವಿಡ್ ಬೋವಿಗೆ ಹಿಮ್ಮೇಳ ಹಾಡಿದವರು 1981ರಲ್ಲಿ ತಮ್ಮದೇ ಆಲ್ಬಮ್ ತಂದು ದೊಡ್ಡವರಾದರು. ಚೆನ್ನಾಗಿತ್ತು ಅದು. ನನಗೆ ಆ ಹಸಿವು ಇಲ್ಲ. ನಡುವಿನ ದನಿ ಹಾಡಿದ ದಿನ ಬರುವ ನಿದ್ದೆ ಬೇರೆ ಯಾವುದರಿಂದಲೂ ಬರುವುದಿಲ್ಲ.

ಹೋದ ತಿಂಗಳು ಚೆಸ್ಟರ್ ಹತ್ತಿರ ಒಂದು ಮದುವೆ. ನಿಧಾನದ ಹಾಡು, ಮದುಮಕ್ಕಳು ಮೊದಲ ಸಲ ಕುಣಿಯುತ್ತಿದ್ದರು. ಎರಡನೇ ಚರಣಕ್ಕೆ ನಮ್ಮ ಗಾಯಕರು ಉಸಿರೆಳೆದರು, ಮಾತು ಬರಲಿಲ್ಲ. ಮರೆತಿದ್ದರು. ಅವರ ಭುಜ ಹಾಗೇ ಮೇಲೆ ನಿಂತಿತ್ತು. ನಾವು ಮೂವರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನಿಲ್ಲಿಸಬೇಕಾಗಿದ್ದ 'ಊ' ನಿಲ್ಲಿಸದೆ ಹಿಡಿದೆವು. ಡ್ರಮ್ಮಿನವರಿಗೆ ತಿಳಿಯಿತು, ಅವರೂ ಅದೇ ಸುತ್ತನ್ನು ಮತ್ತೆ ನುಡಿಸಿದರು. ಎಡಗಡೆಯವರು ಉಸಿರೆಳೆದಾಗ ನಾನು ತುಂಬಿದೆ, ನಾನು ಎಳೆದಾಗ ಅವರು. ಜನ ಕುಣಿಯುತ್ತಲೇ ಇದ್ದರು. ಎರಡು ಸುತ್ತು ಆಯಿತು. ಆಗ ಗಾಯಕರ ಉಸಿರು ಮತ್ತೆ ಕೇಳಿಸಿತು, ಈ ಸಲ ಸಣ್ಣಗೆ, ನಿಶ್ಚಿಂತೆಯಿಂದ. ಮಾತು ಬಂತು. ನಾನು ಗದಿಂದ ಮಕ್ಕೆ ಹೋದೆ.