ಕಾಸರಗೋಡಿನಲ್ಲಿ ಕೂತು ಖಜಾಂಚಿ ಚುನಾವಣೆಗೆ ನಿಂತದ್ದು

ನಮ್ಮ ಫಿಸಿಕ್ಸ್ ಅಧ್ಯಾಪಕರ ಸಂಘದಲ್ಲಿ ಅಧ್ಯಕ್ಷರಾಗಲು ಯಾವಾಗಲೂ ಜನ ಇರುತ್ತಾರೆ. ಖಜಾಂಚಿ ಕೆಲಸ ಮಾತ್ರ ಯಾರಿಗೂ ಬೇಡ. ಒಬ್ಬರೇ ಹಲವು ವರ್ಷ ಅವಿರೋಧವಾಗಿ ಮುಂದುವರಿದಿದ್ದರು. ನಾನು ಆ ಹುದ್ದೆಗೇ ನಿಲ್ಲುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು, "ಎಂಥದ್ದು ಮಾಷ್ಟ್ರೇ, ಸುಮ್ನೆ ಯಾಕೆ ಈ ಉಸಾಬರಿ?" ಎಂದರು.

ಕಾರಣ ಇತ್ತು. ವಂತಿಗೆ ಕಟ್ಟಿದರೆ ರಶೀದಿ ಬರುತ್ತಿರಲಿಲ್ಲ. ವಾರ್ಷಿಕ ಲೆಕ್ಕಪತ್ರವನ್ನು ಮಹಾಸಭೆಯಲ್ಲಿ ಗಡಿಬಿಡಿಯಲ್ಲಿ ಓದುತ್ತಿದ್ದರು. ಯಾರೂ ಹಣ ತಿಂದರು ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಸರಿ ಇದ್ದರೂ ಕಾಣಿಸದಿದ್ದರೆ ಸದಸ್ಯರು ದೂರವಾಗುತ್ತಾರೆ, ಅಷ್ಟೇ.

ಸಂಘ ಕೇರಳ ಮಟ್ಟದ್ದು. ತೊಡಕು ಇದ್ದದ್ದು ಇಲ್ಲೇ. ನನ್ನನ್ನು ಚೆನ್ನಾಗಿ ಬಲ್ಲ ಅಧ್ಯಾಪಕರೆಲ್ಲ ಮಂಗಳೂರು, ಪುತ್ತೂರು ಕಡೆಯವರು. ಮಂಗಳೂರು ನಮಗೆ ಸುಮಾರು 50 ಕಿಲೋಮೀಟರ್. ಆದರೆ ಅವರ ಮತ ಕರ್ನಾಟಕದ ಘಟಕಕ್ಕೆ. ನನಗೆ ಮತ ಹಾಕಬೇಕಾದವರು ಕೋಝಿಕ್ಕೋಡ್, ತ್ರಿಶೂರ್, ತಿರುವನಂತಪುರದವರು. ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗಡಿ ಹಾಕಿದ್ದು 1956ರಲ್ಲಿ, ಅದರ ಬಿಸಿ ಇಂಥ ಸಣ್ಣ ಚುನಾವಣೆಗೂ ತಟ್ಟುತ್ತದೆ ಅಲ್ವಾ!

ಮೊದಲು ಮಾಡಿದ ಕೆಲಸ ಸಂಘದ ಬೈಲಾ, ಅಂದರೆ ನಿಯಮಾವಳಿ, ತರಿಸಿ ಓದಿದ್ದು. ಹೆಚ್ಚಿನ ಸದಸ್ಯರು ಅದನ್ನು ನೋಡಿಯೇ ಇರುವುದಿಲ್ಲ. ಕೇರಳದಲ್ಲಿ ಸಂಘಗಳ ನೋಂದಣಿಗೆ ಎರಡು ಕಾನೂನುಗಳಿವೆ. ಹಳೆಯ ತಿರುವಾಂಕೂರು ಕೊಚ್ಚಿ ಭಾಗದಲ್ಲಿ 1955ರ ಕಾಯ್ದೆ, ಉತ್ತರದ ಮಲಬಾರ್ ಭಾಗದಲ್ಲಿ 1860ರ ಕಾಯ್ದೆ. ನಮ್ಮ ಸಂಘದ ನೋಂದಾಯಿತ ಕಚೇರಿ ಮಲಬಾರಿನಲ್ಲಿ, ಹಾಗಾಗಿ ನಮಗೆ 1860ರದ್ದು. ಅದರ 15ನೇ ಸೆಕ್ಷನ್ ಪ್ರಕಾರ ವಂತಿಗೆ ಮೂರು ತಿಂಗಳಿಗಿಂತ ಜಾಸ್ತಿ ಬಾಕಿ ಇದ್ದವರಿಗೆ ಮತವಿಲ್ಲ. ಸೂಚಕರು, ಅನುಮೋದಕರು ಬಾಕಿ ಇಟ್ಟುಕೊಂಡಿದ್ದರೆ ನಮ್ಮಲ್ಲಿ ನಾಮಪತ್ರವೇ ತಿರಸ್ಕಾರವಾಗುತ್ತದೆ. ಅದಕ್ಕೇ ನಾನು ಇಬ್ಬರು ಆಜೀವ ಸದಸ್ಯರನ್ನು ಹಿಡಿದೆ. ಅವರಿಗೆ ಬಾಕಿಯ ಪ್ರಶ್ನೆಯೇ ಇಲ್ಲ. ಒಬ್ಬರು ನಮ್ಮ ಕನ್ನಡದವರು. ಇನ್ನೊಬ್ಬರು ತೆಂಕು ಕೇರಳದವರೇ ಆಗಬೇಕು ಎಂದು ಹಟ ಹಿಡಿದೆ. ಇಬ್ಬರೂ ಕಾಸರಗೋಡಿನವರಾದರೆ ನಾಮಪತ್ರ ಗಡಿನಾಡಿನ ಮನವಿಪತ್ರದ ಹಾಗೆ ಕಾಣುತ್ತಿತ್ತು.

ನಾನು ನಾಮಪತ್ರ ಹಾಕಿದ ಮೇಲೆ ಇನ್ನೊಬ್ಬರೂ ಹಾಕಿದರು. ಹಳಬರ ಬೆಂಬಲ ಅವರಿಗಿತ್ತು. ಮತಪತ್ರದ ಜೊತೆ ಕಳಿಸಲು ಅಭ್ಯರ್ಥಿಗಳು ಒಂದು ಪುಟ್ಟ ಹೇಳಿಕೆ ಬರೆದು ಕೊಡಬೇಕು. ಎಲ್ಲರೂ ಅದರಲ್ಲಿ ತಮ್ಮ ಪಿಎಚ್‌ಡಿ, ಪ್ರಬಂಧಗಳ ಲೆಕ್ಕ ತುಂಬುತ್ತಾರೆ. ಖಜಾಂಚಿ ಎಷ್ಟು ಪ್ರಬಂಧ ಬರೆದರೇನು? ನಾನು ಎರಡೇ ಮಾತು ಕೊಟ್ಟೆ. ಹಣ ಬಂದ ವಾರದೊಳಗೆ ರಶೀದಿ. ಆರು ತಿಂಗಳಿಗೊಮ್ಮೆ ಜಮಾ ಖರ್ಚಿನ ಪಟ್ಟಿ ಎಲ್ಲ ಸದಸ್ಯರಿಗೂ. ಕಾಲೇಜಿನ ಸಹಕಾರ ಸಂಘದ ಲೆಕ್ಕ ಬರೆದ ಅನುಭವವನ್ನು ಒಂದು ಸಾಲಿನಲ್ಲಿ ಸೇರಿಸಿದೆ.

ಆಮೇಲೆ ಫೋನು. ನಮ್ಮ ಕಾಸರಗೋಡಿನ ಮಲಯಾಳವೇ ತೆಂಕಿನವರಿಗೆ ನಗು ತರಿಸುತ್ತದೆ. ನನ್ನದು ಅದರ ಮೇಲೆ ಕನ್ನಡ ಬೆರೆತದ್ದು. ಅದರಿಂದ ಒಂದು ಲಾಭವೂ ಆಯಿತು, ಒಮ್ಮೆ ಮಾತಾಡಿದವರು ನನ್ನನ್ನು ಮರೆಯಲಿಲ್ಲ. "ಮತ ಹಾಕಿ" ಎಂದು ನಾನು ಶುರು ಮಾಡುತ್ತಿರಲಿಲ್ಲ. "ನಿಮಗೆ ಕಳೆದ ವರ್ಷದ ರಶೀದಿ ಸಿಕ್ಕಿದೆಯಾ?" ಎಂದು ಕೇಳುತ್ತಿದ್ದೆ. ಮುಂದಿನ ಮಾತೆಲ್ಲ ಅವರದ್ದೇ. ಒಬ್ಬರು ಮಾತ್ರ, ಕಾಸರಗೋಡಿನಿಂದ ಸಭೆಗೆ ಬರಲಿಕ್ಕೇ ಒಂದು ದಿನ ಬೇಕಲ್ಲ, ನೀವು ಹೇಗೆ ನಿಭಾಯಿಸುತ್ತೀರಿ ಎಂದು ಚುಚ್ಚಿದರು. 2023ರಿಂದ ಕಾಸರಗೋಡಿನಲ್ಲೇ ಹೊರಡುವ ವಂದೇ ಭಾರತ್ ಇದೆ, ಸುಮಾರು ಎಂಟು ಗಂಟೆಯೊಳಗೆ ತಿರುವನಂತಪುರ ಮುಟ್ಟಿಸುತ್ತದೆ ಎಂದೆ. ಟಿಕೆಟ್ ಸಿಗುವುದು ಕಷ್ಟ ಎನ್ನುವುದನ್ನು ಹೇಳಲಿಲ್ಲ.

ಮತದಾನ ಆನ್‌ಲೈನ್. ಕೆಲಸ ಕೆಡುವುದು ಇಲ್ಲಿ. ಲಿಂಕ್ ಬರುವ ಇಮೇಲ್ ಸ್ಪ್ಯಾಮ್‌ಗೆ ಹೋಗುತ್ತದೆ. ನಿವೃತ್ತರಾದ ಆಜೀವ ಸದಸ್ಯರ ವಿಳಾಸ ಹಳೆಯ ಕಾಲೇಜಿನದ್ದೇ ಇರುತ್ತದೆ. ಮತದಾನ ಶುರುವಾಗುವ ಮೊದಲೇ ವಿಳಾಸ ಸರಿಪಡಿಸಲು ಚುನಾವಣಾಧಿಕಾರಿಗೆ ಬರೆಯಿರಿ ಎಂದು ಹಿರಿಯರಿಗೆ ಹೇಳುತ್ತಾ ಹೋದೆ, ಯಾರ ಕಡೆಯವರು ಎಂದು ನೋಡಲಿಲ್ಲ. ಹೀಗೆ ಸರಿಪಡಿಸಿಕೊಂಡವರಲ್ಲಿ ಹಲವರ ಮತ ನನಗೆ ಬಂದಿತ್ತು ಎಂದು ಆಮೇಲೆ ಅವರೇ ಹೇಳಿದರು. ಗೆದ್ದ ಅಂತರ ಎರಡಂಕಿ ಮುಟ್ಟಿರಲಿಲ್ಲ.

ನಿಜವಾದ ಕೆಲಸ ಗೆದ್ದ ಮೇಲೆ. ಮಹಾಸಭೆ ನಡೆದ 14 ದಿನದೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರರಿಗೆ ಹೋಗಬೇಕು, ಅದೇ 1860ರ ಕಾಯ್ದೆಯ ನಿಯಮ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ನಿರ್ಣಯದ ಪ್ರತಿ, ಪದಾಧಿಕಾರಿಗಳ ಪಟ್ಟಿ, ಎಲ್ಲರ ಕೆವೈಸಿ ಬೇಕು. ಅಷ್ಟು ಆಗುವವರೆಗೆ ಚೆಕ್ಕಿಗೆ ಹಳಬರದ್ದೇ ಸಹಿ. ಆದ್ದರಿಂದ ಸೋತವರ ಜೊತೆ, ಬಿಟ್ಟು ಹೋಗುವವರ ಜೊತೆ ಮುಖ ಕೆಡಿಸಿಕೊಳ್ಳಬೇಡಿ. ರಶೀದಿ ಪುಸ್ತಕ, ಆಡಿಟ್ ವರದಿ, ಪ್ಯಾನ್, ಆದಾಯ ತೆರಿಗೆ ನೋಂದಣಿಯ ಕಾಗದ ಎಲ್ಲವನ್ನೂ ಒಂದು ಪಟ್ಟಿ ಮಾಡಿ, ಕೊಟ್ಟವರು ತೆಗೆದುಕೊಂಡವರು ಇಬ್ಬರೂ ಸಹಿ ಹಾಕಬೇಕು. ಹಿಂದಿನ ಖಜಾಂಚಿಯವರು ಇದಕ್ಕೆ ಬೇಸರಿಸುತ್ತಾರೆಂದು ಅಂದುಕೊಂಡಿದ್ದೆ. ಅವರು ಖುಷಿಯಿಂದಲೇ ಸಹಿ ಹಾಕಿ, ತನಗೆ ಇಂಥದ್ದೊಂದು ಪಟ್ಟಿಯನ್ನು ಯಾರೂ ಕೊಟ್ಟಿರಲಿಲ್ಲ ಎಂದರು.