ಲೇಹ್‌ನಲ್ಲಿ ಇಡ್ಲಿ ಹುಡುಕಬೇಡಿ

ನಮ್ಮ ಬಸವನಗುಡಿಯಲ್ಲಿ ಯಾರು ಲಡಾಖ್‌ಗೆ ಹೊರಟರೂ ನನ್ನನ್ನು ಕೇಳುವುದು ಒಂದೇ: ಅಲ್ಲಿ ಇಡ್ಲಿ ಸಿಗುತ್ತಾ? ಸಿಕ್ಕರೂ ಬಿಡಿ. ಇಲ್ಲಿ ಮೂಲೆಮೂಲೆಗೂ ದರ್ಶಿನಿ ಇದೆ ಅಲ್ವಾ?

ಮೊದಲ ಎರಡು ದಿನ ಹೊಟ್ಟೆ ಬಿರಿಯುವಷ್ಟು ತಿನ್ನಬೇಡಿ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ವಿಮಾನ ಇಳಿದ ದಿನ ಹಸಿವೂ ಸರಿಯಾಗಿ ಆಗದಿರಬಹುದು. ಬಿಸಿಬಿಸಿ ತುಕ್ಪಾ, ಅಂದರೆ ಸಾರಿನಲ್ಲಿ ಬೇಯಿಸಿದ ನೂಡಲ್ಸ್, ತಿಂದು ಮಲಗಿ. ಬಿಯರ್ ಬೇಡವೇ ಬೇಡ. ಸಸ್ಯಾಹಾರಿಗಳು ಹಿಂದಿಯಲ್ಲಿ ಬಿಡಿಸಿ ಕೇಳಿ: ತರಕಾರಿ ತುಕ್ಪಾ ಅಂದರೂ ಕೆಲವು ಕಡೆ ಸಾರು ಮೂಳೆ ಬೇಯಿಸಿದ್ದು.

ಹೋಟೆಲ್ ಮೆನು ನೋಡಿದರೆ ಬರೀ ಪನೀರ್, ನೂಡಲ್ಸ್. ಊರಿನ ಅಡುಗೆ ಬೇಕಾದರೆ ಹೋಂಸ್ಟೇಯಲ್ಲಿ ಹಿಂದಿನ ದಿನವೇ ಹೇಳಿಡಿ. ನನ್ನ ಆಯ್ಕೆ ಪಾಬಾ. ಬಾರ್ಲಿ, ಬಟಾಣಿ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು, ಕೋಲಿನಲ್ಲಿ ತೊಳಸಿ ಉಂಡೆ ಕಟ್ಟುತ್ತಾರೆ. ಥೇಟ್ ನಮ್ಮ ಮುದ್ದೆ. ಆದರೆ ನುಂಗಲು ಹೋಗಬೇಡಿ! ಚೂರು ಮುರಿದು, ಸೊಪ್ಪು ಬೆರೆಸಿದ ಮಜ್ಜಿಗೆಯಂಥ ತಂಗ್ತುರ್‌ಗೆ ಅದ್ದಿ, ಅಗಿದು ತಿನ್ನಿ. ಇನ್ನೊಂದು ಸ್ಕ್ಯೂ. ಗೋಧಿ ಹಿಟ್ಟಿನ ಪುಟ್ಟ ಚೂರುಗಳನ್ನು ಹೆಬ್ಬೆರಳಲ್ಲಿ ಒತ್ತಿ ಗುಳಿ ಮಾಡಿ, ಆಲೂಗಡ್ಡೆ, ಕ್ಯಾರೆಟ್ ಜೊತೆ ಬೇಯಿಸುತ್ತಾರೆ. ಆ ಗುಳಿಯಲ್ಲಿ ಗಟ್ಟಿ ರಸ ನಿಂತಿರುತ್ತದೆ. ರುಚಿಯೆಲ್ಲ ಅಲ್ಲೇ.

ಬೆಳಗ್ಗೆ ಖಂಬೀರ್ ರೊಟ್ಟಿ ತಿನ್ನಿ. ದಪ್ಪ, ಸ್ವಲ್ಪ ಗಟ್ಟಿ. ಬೆಣ್ಣೆ ಹಚ್ಚಿ, ಮೇಲೆ ಮನೆಯಿಂದ ಒಯ್ದ ಚಟ್ನಿಪುಡಿ ಉದುರಿಸಿದರೂ ತಪ್ಪೇನಿಲ್ಲ, ನಾನಂತೂ ಬಿಡುವುದಿಲ್ಲ. ಜೊತೆಗೆ ಗುರ್‌ಗುರ್ ಚಾ. ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ. ಫಿಲ್ಟರ್ ಕಾಫಿ ನೆನೆದುಕೊಂಡು ಕುಡಿದರೆ ಮುಖ ಕಿವುಚುತ್ತೀರಿ. ಸಾರು ಅಂದುಕೊಂಡು ಕುಡಿಯಿರಿ. ಯಾರದಾದರೂ ಮನೆಯಲ್ಲಿ ಕೊಟ್ಟರೆ ಗಟಗಟ ಮುಗಿಸಬೇಡಿ. ಗುಟುಕು ಕುಡಿದಂತೆಲ್ಲ ಮತ್ತೆ ತುಂಬಿಸುತ್ತಾರೆ. ಸಾಕಾದರೆ ಲೋಟ ತುಂಬಿದ್ದಂತೆಯೇ ಬಿಟ್ಟು, ಹೊರಡುವಾಗ ಕುಡಿದುಬಿಡಿ.

ಪಾಂಗಾಂಗ್ ಸರೋವರದ ಕಡೆ ಹೋದರೆ ದಾರಿಯ ಢಾಬಾಗಳಲ್ಲಿ ಮ್ಯಾಗಿ, ರಾಜ್ಮಾ ಅನ್ನ, ಅಷ್ಟೇ. ನೆಟ್‌ವರ್ಕ್ ನಂಬಿಕೊಂಡು ಸ್ಕ್ಯಾನ್ ಮಾಡುವ ಯೋಚನೆ ಬಿಡಿ, ನೋಟು ಇಟ್ಟುಕೊಳ್ಳಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಜುಲೈ, ಆಗಸ್ಟ್‌ನಲ್ಲಿ ಹೋದವರು ಲೇಹ್ ಮುಖ್ಯ ಬಜಾರಿನಲ್ಲಿ ಒಂದು ಸುತ್ತು ಹಾಕಿ. ಫುಟ್‌ಪಾತ್ ಮೇಲೆ ಹೆಂಗಸರು ತಾಜಾ ಏಪ್ರಿಕಾಟ್ ಮಾರುತ್ತಿರುತ್ತಾರೆ. ತುಂಬ ಮಾಗಿದ್ದು ಬ್ಯಾಗಿನಲ್ಲಿ ಉಳಿಯುವುದಿಲ್ಲ, ಅಲ್ಲೇ ತಿಂದು ಮುಗಿಸಿ. ಊರಿಗೆ ಒಣಗಿದ್ದು ತನ್ನಿ.